ಖುರಾಕು ನಿಲ್ಲಬಾರದು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕುಸ್ತಿಯಿಲ್ಲದ ಜಾತ್ರೆಯನ್ನು ಜನ ಪೂರ್ತಿ ಜಾತ್ರೆ ಎನ್ನುವುದಿಲ್ಲ. ತೇರು ಎಳೆದಾದ ಮೇಲೆ ಕಣದ ಮಣ್ಣು ಹದವಾಗುತ್ತದೆ, ಹಲಗೆಯ ಸದ್ದು ಏಳುತ್ತದೆ, ಸುತ್ತಲಿನ ಹತ್ತಾರು ಹಳ್ಳಿಗಳ ಪೈಲ್ವಾನರು ಬಂದು ಸೇರುತ್ತಾರೆ. ಇಂಥ ಕಣಗಳಲ್ಲಿ ಎಷ್ಟೋ ಬಹುಮಾನಗಳು ತೀರಿಕೊಂಡವರ ಹೆಸರಿನಲ್ಲಿರುತ್ತವೆ. ಊರಿನ ಹಿರಿಯರೊಬ್ಬರ ಸ್ಮರಣಾರ್ಥ ಬೆಳ್ಳಿ ಗದೆ, ಪೈಲ್ವಾನರನ್ನು ಸಾಕಿದ ಗೌಡರೊಬ್ಬರ ನೆನಪಿಗೆ ನಗದು. ಆಟಗಾರರನ್ನು ಪೋಷಿಸಿದವರನ್ನು ಸತ್ತ ಮೇಲೂ ಮರೆಯದಿರುವುದು ಈ ನಾಡಿನ ದೊಡ್ಡ ಗುಣ. ಆದರೆ ಆ ನೆನಪು ಯಾರ ಹೊಟ್ಟೆಗೆ ಏನನ್ನು ಕೊಡುತ್ತಿದೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಕಡಿಮೆ. ಇದಕ್ಕೆ ಉತ್ತರ ಹುಡುಕುವಾಗ ಮೊದಲು ನೋಡಬೇಕಾದದ್ದು ಕೊಲ್ಲಾಪುರದ ಶಾಹೂ ಮಹಾರಾಜರ ಕಡೆಗೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ನಮ್ಮ ಸೀಮೆ ಕಂಡ ಅತಿ ದೊಡ್ಡ ಕ್ರೀಡಾ ತಂಡದ ಮಾಲೀಕರು ಅವರೇ. ಅವರು ತೀರಿಕೊಂಡು ನೂರು ವರ್ಷ ದಾಟಿದೆ. ಆದರೂ ಪೈಲ್ವಾನರ ನಡುವೆ ಆ ಹೆಸರಿನ ಬಗೆಗಿನ ಪ್ರೀತಿ ಕುಂದಿಲ್ಲ. ಆ ಪ್ರೀತಿಯ ಕಾರಣ ತಿಳಿದರೆ, ಪೋಷಕರನ್ನು ನೆನೆಯುವ ಸರಿಯಾದ ಬಗೆ ಯಾವುದೆಂಬುದೂ ತಿಳಿಯುತ್ತದೆ.

ಶಾಹೂ ಹುಟ್ಟಿದ್ದು 1874ರ ಜೂನ್ 26ರಂದು, ಕಾಗಲದ ಘಾಟಗೆ ಮನೆತನದಲ್ಲಿ. ಹತ್ತನೆಯ ವರ್ಷಕ್ಕೆ ಕೊಲ್ಲಾಪುರದ ಗಾದಿಗೆ ದತ್ತುಹೋದರು. ರಾಜಕೋಟದಲ್ಲಿ ಕೆಲಕಾಲ ಓದಿ, ಮುಂದಿನ ವಿದ್ಯಾಭ್ಯಾಸವನ್ನು ಧಾರವಾಡದಲ್ಲಿ ಸ್ಟುವರ್ಟ್ ಫ್ರೇಜರ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಮುಗಿಸಿದರು. 1894ರಲ್ಲಿ ಅಧಿಕಾರ ಕೈಗೆ ಬಂತು. 1902ರಲ್ಲಿ ಸಂಸ್ಥಾನದ ನೌಕರಿಗಳಲ್ಲಿ ಅರ್ಧದಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟರು. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯವೂ ಉಚಿತವೂ ಆಗಿ ಮಾಡಿದರು. ಇತಿಹಾಸದ ಪುಸ್ತಕಗಳು ಅವರನ್ನು ಈ ಕೆಲಸಗಳಿಗಾಗಿ ನೆನೆಯುತ್ತವೆ, ಅದು ನ್ಯಾಯವೂ ಹೌದು. ಕುಸ್ತಿಯನ್ನು ಮಾತ್ರ ಆ ಪುಸ್ತಕಗಳು ದೊರೆಯ ಹವ್ಯಾಸವೆಂಬಂತೆ ಒಂದೆರಡು ಸಾಲಿನಲ್ಲಿ ಮುಗಿಸುತ್ತವೆ. ಈ ವಿಂಗಡಣೆಯೇ ತಪ್ಪು. ಬಡ ರೈತನ ಮಗನಿಗೆ ಶಾಲೆಯ ಬಾಗಿಲು ತೆರೆದ ಮನಸ್ಸು ಮತ್ತು ಅದೇ ರೈತನ ಇನ್ನೊಬ್ಬ ಮಗನಿಗೆ ತಾಲೀಮಿನ ಬಾಗಿಲು ತೆರೆದ ಮನಸ್ಸು ಬೇರೆ ಬೇರೆಯಲ್ಲ. ಓದುವ ಹುಡುಗನಿಗೆ ಜಾತಿವಾರು ವಸತಿ ನಿಲಯ ಕಟ್ಟಿಸಿದಾಗ ಊಟ, ವಸತಿ, ಗುರು ಈ ಮೂರೂ ಒಂದೆಡೆ ಸಿಗಬೇಕೆಂಬುದು ಅವರ ಲೆಕ್ಕವಾಗಿತ್ತು. ಪೈಲ್ವಾನನ ವಿಷಯದಲ್ಲೂ ಅವರು ಹಾಕಿದ ಲೆಕ್ಕ ಅದೇ.

ಆ ಲೆಕ್ಕ ಅರ್ಥವಾಗಬೇಕಾದರೆ ಪೈಲ್ವಾನನ ದಿನಚರಿ ಗೊತ್ತಿರಬೇಕು. ನಸುಕಿನಲ್ಲೆದ್ದು ನೂರಾರು ದಂಡ, ಬೈಠಕ್. ಬಳಿಕ ಕೆಂಪು ಮಣ್ಣಿನಲ್ಲಿ ಜೋಡಿಯೊಂದಿಗೆ ಸಾಮು. ಆ ಮಣ್ಣು ಸಹ ಸುಮ್ಮನೆ ಬಂದದ್ದಲ್ಲ. ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಕೂಡಿಸಿ ಹದ ಮಾಡಿರುತ್ತಾರೆ. ಸಂಜೆ ಮತ್ತೆ ಮೈಗೆ ಅದೇ ದುಡಿತ. ಇದಕ್ಕೆ ತಕ್ಕ ಖುರಾಕು ಬೇಕು: ಲೀಟರುಗಟ್ಟಲೆ ಹಾಲು, ತುಪ್ಪ, ಬಾದಾಮಿ, ಮಾಂಸ, ಹಣ್ಣು. ಮೈ ತುಂಬುವ ವಯಸ್ಸಿನಲ್ಲಿ ಕೆಲವು ತಿಂಗಳು ಖುರಾಕು ತಪ್ಪಿದರೂ ವರ್ಷಗಳ ಶ್ರಮ ಹಾಳು. ಕುಸ್ತಿಗೆ ಬರುವ ಹುಡುಗರಲ್ಲಿ ಹೆಚ್ಚಿನವರು ಒಕ್ಕಲು ಮಕ್ಕಳು, ಕೂಲಿಕಾರರ ಮಕ್ಕಳು. ದುಡಿಯುವ ವಯಸ್ಸಿನ ಮಗ ದುಡಿಯಲು ಹೋಗದೆ, ಮನೆಯವರೆಲ್ಲರ ಊಟದಷ್ಟು ಖರ್ಚನ್ನು ತಾನೊಬ್ಬನೇ ತಂದಿಟ್ಟರೆ ಆ ಮನೆ ಎಷ್ಟು ದಿನ ತಾಳೀತು? ಆದ್ದರಿಂದ ಕುಸ್ತಿಯ ಅಳಿವು ಉಳಿವು ನಿಂತಿರುವುದು ಜಾತ್ರೆಯ ಒಂದು ದಿನದ ಬಹುಮಾನದ ಮೇಲಲ್ಲ, ಉಳಿದ 364 ದಿನಗಳ ಖುರಾಕಿನ ಮೇಲೆ. ಶಾಹೂ ಇದನ್ನು ಬಲ್ಲರು, ಏಕೆಂದರೆ ಅವರು ಸ್ವತಃ ಮಣ್ಣಿಗಿಳಿದು ಸಾಮು ಮಾಡಿದವರು. ಅವರ ಕಾಲದಲ್ಲಿ ಪೈಲ್ವಾನರ ಖುರಾಕು ಮತ್ತು ತಾಲೀಮಿನ ಖರ್ಚು ಸಂಸ್ಥಾನದ ಹೊಣೆಯಾಯಿತು. ಪಂಜಾಬಿನಂಥ ದೂರದ ಸೀಮೆಗಳ ಹೆಸರಾಂತ ಪೈಲ್ವಾನರೂ ಕೊಲ್ಲಾಪುರಕ್ಕೆ ಬಂದರು, ಸ್ಥಳೀಯ ಹುಡುಗರು ಅವರ ಪಟ್ಟುಗಳನ್ನು ಕಂಡು ಕಲಿತರು.

ಅವರ ಕೆಲಸಗಳಲ್ಲಿ ಕಣ್ಣಿಗೆ ಕಾಣುವಂತೆ ನಿಂತಿರುವುದು ಖಾಸಬಾಗ ಮೈದಾನ. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆಂದು ಯುರೋಪಿಗೆ ಹೋದಾಗ ಶಾಹೂ ರೋಮಿನ ಪುರಾತನ ಕ್ರೀಡಾಂಗಣ ಕೊಲೊಸಿಯಂ ನೋಡಿದರು. ಮರಳಿ ಬಂದು ಕೊಲ್ಲಾಪುರದಲ್ಲಿ ಬಟ್ಟಲಿನಾಕಾರದ ಮೈದಾನ ಕಟ್ಟಿಸಿದರು. 1912ರಲ್ಲಿ ಅದು ಸಿದ್ಧವಾಯಿತು. ನಡುವೆ ಮಣ್ಣಿನ ಕಣ, ಸುತ್ತಲೂ ಇಳಿಜಾರಿನಲ್ಲಿ ಹತ್ತಾರು ಸಾವಿರ ಜನರಿಗೆ ಜಾಗ. ಎಲ್ಲಿ ಕೂತರೂ ಮುಂದಿನವರ ತಲೆ ಅಡ್ಡ ಬಾರದೆ ಪಟ್ಟು ಕಾಣುತ್ತದೆ. ಇದರಲ್ಲಿ ಎರಡು ಸಂಗತಿ ಗಮನಿಸಬೇಕು. ಮೊದಲನೆಯದು, ಅರಮನೆಯ ಅಂಗಳದ ಆಟವನ್ನು ಅವರು ಜನರ ಕಣ್ಣೆದುರಿಗೆ ತಂದರು. ಎರಡನೆಯದು, ದೊರೆ ಇದ್ದರೂ ಇಲ್ಲದಿದ್ದರೂ ಕುಸ್ತಿ ನಡೆಯುವಂಥ ಜಾಗವೊಂದನ್ನು ಬಿಟ್ಟುಹೋದರು. 1922ರ ಮೇ 6ರಂದು ಮುಂಬಯಿಯಲ್ಲಿ ಅವರು ಕೊನೆಯುಸಿರೆಳೆದಾಗ ಇನ್ನೂ 48 ತುಂಬಿರಲಿಲ್ಲ. ದೊರೆಯ ಜೊತೆಗೇ ಪೈಲ್ವಾನರ ಕಾಲವೂ ಮುಗಿಯಬಹುದಿತ್ತು. ಮುಗಿಯಲಿಲ್ಲ. ಗಂಗಾವೇಸ, ಮೋತಿಬಾಗ, ಶಾಹೂಪುರಿ ತಾಲೀಮುಗಳ ಹೆಸರು ಇಂದಿಗೂ ಕುಸ್ತಿ ಬಲ್ಲವರ ಬಾಯಲ್ಲಿದೆ.

ಇದರ ಫಲ ನಮ್ಮ ಬೆಳಗಾವಿ ಜಿಲ್ಲೆಗೇ ಬಂತು. 1959ರಲ್ಲಿ ದೆಹಲಿಯಲ್ಲಿ ಬಂತಾ ಸಿಂಗರನ್ನು ಸೋಲಿಸಿ ಮೊಟ್ಟಮೊದಲ ಹಿಂದ್ ಕೇಸರಿಯಾದ ಶ್ರೀಪತಿ ಖಂಚನಾಳೆ ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾದವರು, ಹುಕ್ಕೇರಿಯಿಂದ ಹೆಚ್ಚು ದೂರದವರೇನಲ್ಲ. ಅವರು ಪಳಗಿದ್ದು ಕೊಲ್ಲಾಪುರದ ತಾಲೀಮಿನಲ್ಲಿ. ಆ ಗೆಲುವಿನ ಹೊತ್ತಿಗೆ ಶಾಹೂ ತೀರಿಕೊಂಡು 37 ವರ್ಷವಾಗಿತ್ತು, ಅವರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಹತ್ತು ವರ್ಷ ಕಳೆದಿತ್ತು. ತಾನು ಕಣ್ಣಾರೆ ಕಾಣದ ದೊರೆಯ ಏರ್ಪಾಟಿನಲ್ಲಿ ಗಡಿಭಾಗದ ಒಬ್ಬ ಹುಡುಗ ದೇಶಕ್ಕೇ ಮೊದಲಿಗನಾದ. ಪೋಷಕನಿಗೆ ಇದಕ್ಕಿಂತ ದೊಡ್ಡ ಸ್ಮಾರಕ ಯಾವುದಿದ್ದೀತು? ಖಂಚನಾಳೆಯವರು 2020ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಗಡಿಯ ಎರಡೂ ಬದಿಯ ಕುಸ್ತಿಪ್ರಿಯರು ಮರುಗಿದ್ದು ಸಹಜವೇ ಆಗಿತ್ತು.

ಕೊಲ್ಲಾಪುರದ ಮರಾಠಿ ದೊರೆಯನ್ನು ಕನ್ನಡದ ಗೋಕಾಕ, ಹುಕ್ಕೇರಿಗಳು ಏಕೆ ನೆನೆಯಬೇಕು ಎಂದು ಯಾರಾದರೂ ಕೇಳಬಹುದು. ಗಡಿಯ ತಕರಾರು ಇನ್ನೂ ಆರದ ಕಡೆ ಈ ಪ್ರಶ್ನೆ ಬರುವುದು ಸಹಜ. ಆದರೆ ಆ ಕಾಲದ ನಕ್ಷೆ ಬೇರೆಯಾಗಿತ್ತು. ಗೋಕಾಕ, ಹುಕ್ಕೇರಿಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದರೆ, ನೆರೆಯ ರಾಯಬಾಗ ಕೊಲ್ಲಾಪುರ ಸಂಸ್ಥಾನದ್ದು. ಅಲ್ಲಿನ ಕನ್ನಡ ಒಕ್ಕಲುಗಳು ಶಾಹೂ ಅವರ ಪ್ರಜೆಗಳೇ ಆಗಿದ್ದರು. 1920ರ ಜುಲೈನಲ್ಲಿ ಹುಬ್ಬಳ್ಳಿಯಲ್ಲಿ ನಡೆದ ಬ್ರಾಹ್ಮಣೇತರ ಪರಿಷತ್ತಿಗೆ ಅಧ್ಯಕ್ಷರಾಗಿ ಬಂದವರು ಅವರು. ಹೀಗಾಗಿ ಅವರನ್ನು ನೆನೆಯುವುದು ಪರರ ದೊರೆಗೆ ಹೂ ಏರಿಸಿದಂತಲ್ಲ. ಭಾಷೆ ನಮ್ಮದು ನಮಗೆ ಇದ್ದೇ ಇದೆ, ಕುಸ್ತಿಯ ಋಣವನ್ನು ಒಪ್ಪಿಕೊಂಡ ಮಾತ್ರಕ್ಕೆ ಅದಕ್ಕೆ ಕುಂದೇನೂ ಬರುವುದಿಲ್ಲ.

ಇದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದಿದೆ. ಶಾಹೂ ದೊರೆಯಾಗಿದ್ದರು, ಕೈಯಲ್ಲಿ ಬೊಕ್ಕಸವಿತ್ತು, ಅವರ ಅಳತೆಯಿಂದ ಊರಿನ ಪೋಷಕರನ್ನು ಅಳೆಯುವುದು ಸರಿಯೇ? ಒಬ್ಬರ ದಾನವನ್ನೇ ನಂಬಿದ ಆಟ ಆ ಒಬ್ಬರ ಜೊತೆಗೇ ಸಾಯುವುದಿಲ್ಲವೇ? ಈ ಮಾತಿನಲ್ಲಿ ಸತ್ಯವಿದೆ. ಕರಾಡ ಬಳಿಯ ಗೋಳೇಶ್ವರದ ಖಾಶಾಬಾ ಜಾಧವ್ ಅವರ ಬದುಕೇ ಇದಕ್ಕೆ ಸಾಕ್ಷಿ. 1948ರ ಲಂಡನ್ ಒಲಿಂಪಿಕ್ಸಿಗೆ ಅವರನ್ನು ಕಳಿಸಲು ಕೊಲ್ಲಾಪುರದ ಅಂದಿನ ಮಹಾರಾಜರು ನೆರವಾದರು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಸಂಸ್ಥಾನವೇ ಇರಲಿಲ್ಲ. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ಊರವರು ವಂತಿಗೆ ಎತ್ತಬೇಕಾಯಿತು, ರಾಜಾರಾಮ ಕಾಲೇಜಿನ ಪ್ರಾಂಶುಪಾಲ ಖರ್ಡೇಕರ್ ತಮ್ಮ ಮನೆಯನ್ನೇ ಒತ್ತೆಯಿಟ್ಟು 7000 ರೂಪಾಯಿ ಹೊಂದಿಸಿದರು. ಜಾಧವ್ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ಬಂದ ಮೊದಲ ಒಲಿಂಪಿಕ್ ಪದಕ ಅದು. ಆದರೂ ಅರ್ಜುನ ಪ್ರಶಸ್ತಿ ಅವರ ಹೆಸರಿಗೆ ಬಂದದ್ದು 1984ರಲ್ಲಿ ಅವರು ಅಪಘಾತದಲ್ಲಿ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ. ಈ ಕಥೆಯಿಂದ ಎರಡು ಪಾಠ ಸಿಗುತ್ತವೆ. ತಾಲೀಮು, ಮೈದಾನಗಳಂತೆ ಬೇರುಬಿಟ್ಟ ಏರ್ಪಾಟು ದೊರೆಯ ನಂತರವೂ ಬದುಕಿತು. ಕೈಯಿಂದ ಕೈಗೆ ಕೊಟ್ಟ ನೆರವು ಕೊಟ್ಟವರ ಅಧಿಕಾರದೊಂದಿಗೆ ಮುಗಿಯಿತು. ಶಾಹೂ ಅವರಿಂದ ನಾವು ಕಲಿಯಬೇಕಾದದ್ದು ಮೊದಲನೆಯದನ್ನು.

ಈಗಿನ ಲೀಗುಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ವ್ಯತ್ಯಾಸ ಇನ್ನಷ್ಟು ನಿಚ್ಚಳವಾಗುತ್ತದೆ. 2016ರಲ್ಲಿ ಶುರುವಾದ ಪ್ರೀಮಿಯರ್ ಫುಟ್ಸಾಲ್ ಲೀಗಿನಲ್ಲಿ ಬೆಂಗಳೂರು ತಂಡದ ಮಾಲೀಕರಾಗಿದ್ದವರು ನಟ ಪುನೀತ್ ರಾಜ್‌ಕುಮಾರ್. 2021ರ ಅಕ್ಟೋಬರ್ 29ರಂದು ಅವರು ತೀರಿಕೊಂಡಾಗ ಕರ್ನಾಟಕವೇ ಕಣ್ಣೀರಿಟ್ಟಿತು. ಆದರೆ ಆ ಲೀಗು ಅವರಿಗಿಂತ ಮೊದಲೇ ಕಣ್ಮರೆಯಾಗಿತ್ತು. ಪುನೀತ್ ಅವರನ್ನು ಜನ ಪ್ರೀತಿಸುವುದು ಸಿನಿಮಾಕ್ಕಾಗಿ, ಅವರ ಸೇವಾಗುಣಕ್ಕಾಗಿ. ತಂಡದ ನೆನಪು ಹೆಚ್ಚಿನವರಿಗೆ ಇಲ್ಲ. ಇದರಲ್ಲಿ ಅವರ ದೋಷವಿಲ್ಲ. ಒಂದು ಊರಿನ ಹೆಸರನ್ನು ಕೆಲವು ವಾರ ಬಾಡಿಗೆಗೆ ತಂದು ಆಡಿಸುವ ಲೀಗಿನ ಸ್ವಭಾವವೇ ಅಂಥದ್ದು. ಕ್ರಿಕೆಟ್ಟಿನ ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ಬೆಳಗಾವಿಯ ಹೆಸರಿನದೂ ಒಂದು ತಂಡವಿತ್ತು. 2019ರ ಫಿಕ್ಸಿಂಗ್ ಹಗರಣದ ನಂತರ ಆ ಲೀಗು ನಿಂತುಹೋಯಿತು. 2022ರಲ್ಲಿ ಅದರ ಜಾಗಕ್ಕೆ ಬಂದ ಮಹಾರಾಜ ಟ್ರೋಫಿಯ ಆರು ತಂಡಗಳಲ್ಲಿ ಬೆಳಗಾವಿಯ ಹೆಸರೇ ಇರಲಿಲ್ಲ. ತಂಡ ಹೋಯಿತು, ಅದರೊಂದಿಗೆ ಊರಿನ ಹುಡುಗರ ಪಾಲಿನ ಒಂದು ಬಾಗಿಲೂ ಮುಚ್ಚಿತು.

ಮಣ್ಣಿನ ಕುಸ್ತಿಯ ಕಾಲ ಮುಗಿದಿದೆ, ಪದಕ ಬರುವುದು ಮ್ಯಾಟಿನ ಮೇಲೆ, ಶಾಹೂ ಹೆಸರಿನಲ್ಲಿ ಹಳೆಯದನ್ನು ಹಿಡಿದು ಕೂರುವುದೇಕೆ ಎನ್ನುವವರೂ ಇದ್ದಾರೆ. ಆದರೆ ಶಾಹೂ ಹಳೆಯದನ್ನು ಹಿಡಿದು ಕೂತವರಾಗಿರಲಿಲ್ಲ. ರೋಮಿನಲ್ಲಿ ಕಂಡದ್ದನ್ನು ಕೊಲ್ಲಾಪುರಕ್ಕೆ ತಂದವರು ಈಗಿದ್ದಿದ್ದರೆ ಪ್ರತಿ ತಾಲೀಮಿನಲ್ಲೂ ಮಣ್ಣಿನ ಪಕ್ಕ ಮ್ಯಾಟು ಹಾಸಿಸುತ್ತಿದ್ದರು. ಲಂಡನ್ನಿನಲ್ಲಿ ಮ್ಯಾಟಿನ ಅಭ್ಯಾಸವಿಲ್ಲದೆಯೂ ಆರನೆಯವರಾದ ಜಾಧವ್ ನಾಲ್ಕು ವರ್ಷದಲ್ಲಿ ಅದನ್ನು ಕಲಿತು ಪದಕ ತಂದರು. ಮಣ್ಣು ಕೊಟ್ಟ ಮೈಕಟ್ಟು, ಮ್ಯಾಟು ಕೊಟ್ಟ ವೇಗ ಎರಡೂ ಬೇಕು. ತಾಲೀಮುಗಳು ಹೆಣ್ಣುಮಕ್ಕಳನ್ನು ಹೊರಗಿಟ್ಟವು ಎಂಬ ಟೀಕೆಯೂ ನಿಜ, ಅದನ್ನು ತಳ್ಳಿಹಾಕಲಾಗದು. ಹುಟ್ಟಿನ ಕಾರಣಕ್ಕೆ ಯಾರಿಗೂ ಬಾಗಿಲು ಮುಚ್ಚಬಾರದೆಂದು ಆಳಿದ ದೊರೆಯ ಹೆಸರಿನಲ್ಲಿ ನಡೆಯುವ ತಾಲೀಮು ಹುಡುಗಿಯರಿಗೂ ತೆರೆದಿರಬೇಕು. ಶಾಹೂ ತೀರಿಕೊಂಡ ಕೆಲವೇ ವರ್ಷಗಳಲ್ಲಿ ಕೊಲ್ಲಾಪುರದಲ್ಲಿ ಅವರಿಗೊಂದು ಸ್ಮಾರಕ ಎಬ್ಬಿಸಲು ಮುಂದಾದವರು ಗಂಗಾರಾಮ ಕಾಂಬಳೆ. ಕಾಂಬಳೆಯವರನ್ನು ಅಸ್ಪೃಶ್ಯರೆಂದು ದೂರವಿಟ್ಟ ಕಾಲದಲ್ಲಿ ಅವರ ಹೋಟೆಲಿನಲ್ಲಿ ಶಾಹೂ ತಾವೇ ಚಹಾ ಕುಡಿದು ಊರಿಗೆ ದಾರಿ ತೋರಿದ್ದರು. ಬಾಗಿಲು ತೆರೆಸಿಕೊಂಡವರೇ ಮೊದಲು ನೆನೆದರು ಎಂಬುದನ್ನು ಇಂದಿನ ಪೋಷಕರು ಮರೆಯಬಾರದು.

ಹಾಗಾದರೆ ದೊರೆಯಿಲ್ಲದ ಕಾಲದಲ್ಲಿ ಖುರಾಕಿನ ಹೊಣೆ ಯಾರದು? ಉತ್ತರ ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲ್ಲೂಕುಗಳ ಅನುಭವದಲ್ಲೇ ಇದೆ. ಹುಕ್ಕೇರಿಯ ಜನ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿ ತಮ್ಮ ತಾಲ್ಲೂಕಿಗೆ ತಾವೇ ಕರೆಂಟು ಹಂಚಿದರು. ಕರ್ನಾಟಕದಲ್ಲಿ ಅಂಥ ಸಂಘ ಬೇರೆಲ್ಲೂ ಇಲ್ಲ. ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆ ಸಹಕಾರದಿಂದಲೇ ಎದ್ದದ್ದು. ಧುಪದಾಳದ ಕಾಲುವೆ, ಹಿಡಕಲ್ ಜಲಾಶಯಗಳ ನೀರಿನಿಂದ ಗೋಕಾಕ, ಮೂಡಲಗಿಗಳಲ್ಲಿ ಕಬ್ಬು ತುಂಬಿದೆ. ಕಾಗಲದ ಶಾಹೂ ಸಹಕಾರಿ ಸಕ್ಕರೆ ಕಾರ್ಖಾನೆ ಮಾನಧನ ಕುಸ್ತಿ ನಡೆಸಿ, ಗೆದ್ದ ಪೈಲ್ವಾನರಿಗೆ ನೆರವು ಕೊಡುತ್ತ ಬಂದಿದೆ. ಒಬ್ಬರ ಕಿಸೆಯನ್ನು ನಂಬದೆ, ಸಾವಿರಾರು ಕಬ್ಬು ಬೆಳೆಗಾರರ ಚಿಕ್ಕ ಚಿಕ್ಕ ಪಾಲಿನಿಂದ ಖುರಾಕು ನಡೆಯುವ ದಾರಿ ಅದು. ವಿದ್ಯುತ್ತನ್ನೂ ಸಕ್ಕರೆಯನ್ನೂ ಸಹಕಾರದಲ್ಲಿ ನಡೆಸಿದ ಸೀಮೆಗೆ ಒಂದು ತಾಲೀಮು ಭಾರವಾಗಲಾರದು.

ಪೋಷಕರ ಸ್ಮರಣೆಗೆಂದು ನಡೆಯುವ ಕುಸ್ತಿಗಳು ನಿಲ್ಲಬೇಕಾಗಿಲ್ಲ, ಅವುಗಳ ಲೆಕ್ಕ ಬದಲಾಗಬೇಕು. ಗದೆಗೆ, ಫ್ಲೆಕ್ಸಿಗೆ, ಅತಿಥಿಗಳ ಸನ್ಮಾನಕ್ಕೆ ಹೋಗುವ ಹಣದ ಒಂದು ಪಾಲು ವರ್ಷವಿಡೀ ಕೆಲವೇ ಹುಡುಗ ಹುಡುಗಿಯರ ಹಾಲು ತುಪ್ಪಕ್ಕೆ, ಕುಸ್ತಿ ಕಲಿಸುವ ವಸ್ತಾದನ ಸಂಬಳಕ್ಕೆ, ಮೊಣಕಾಲು ಮುರಿದವರ ಆಸ್ಪತ್ರೆಯ ಖರ್ಚಿಗೆ ಹೋಗಲಿ. ಯಾರಿಗೆ ಎಷ್ಟು ಸಂದಿತೆಂಬುದನ್ನು ಮುಂದಿನ ಜಾತ್ರೆಯ ಕಣದಲ್ಲೇ ಓದಿ ಹೇಳಲಿ. ಪ್ರತಿ ಜೂನ್ 26ರಂದು ಮಹಾರಾಷ್ಟ್ರ ಶಾಹೂ ಜಯಂತಿಯನ್ನು ಸಾಮಾಜಿಕ ನ್ಯಾಯ ದಿನವಾಗಿ ಆಚರಿಸುತ್ತದೆ. ಕುಸ್ತಿಯ ಮಟ್ಟಿಗೆ ಆ ನ್ಯಾಯದ ಅರ್ಥ ಇಷ್ಟೆ: ಮೈಯಲ್ಲಿ ಕಸುವಿರುವ ಯಾವ ಬಡ ಮಗುವೂ ಹಸಿವಿನ ಕಾರಣಕ್ಕೆ ಕಣ ಬಿಡಬಾರದು. ತಮ್ಮೂರಿನ ಪೋಷಕರ ಹೆಸರಿನಲ್ಲಿ ಇಷ್ಟನ್ನು ನಡೆಸಿಕೊಂಡು ಹೋಗುವ ಹಳ್ಳಿ ಅವರನ್ನು ಸರಿಯಾಗಿಯೇ ನೆನೆಯುತ್ತಿದೆ.