ಕೆಟ್ಟ ನೆಲ ಚೇತರಿಸಿಕೊಳ್ಳುವ ಬಗೆ: ಸಾಂಗ್ಲಿ ಜಿಲ್ಲೆಯ ಮೂರು ನಿದರ್ಶನಗಳು

ನೆರೆ, ಕಾಡ್ಗಿಚ್ಚು, ಉಳುಮೆ ಅಥವಾ ಮರಗಡಿತದಿಂದ ಕೆಟ್ಟ ನೆಲದಲ್ಲಿ ಸಸ್ಯಗಳೂ ಪ್ರಾಣಿಗಳೂ ಹಂತಹಂತವಾಗಿ ಮತ್ತೆ ನೆಲೆಗೊಳ್ಳುವ ಕ್ರಿಯೆಗೆ ಪರಿಸರ ಅನುಕ್ರಮಣ ಎಂದು ಹೆಸರು. ಬರಿಯ ಬಂಡೆಯ ಮೇಲೆ ಕಲ್ಲುಹೂವಿನಿಂದ ಆರಂಭವಾಗುವುದು ಪ್ರಾಥಮಿಕ ಅನುಕ್ರಮಣ. ಮಣ್ಣು ಉಳಿದಲ್ಲಿ ನಡೆಯುವುದು ದ್ವಿತೀಯಕ. ಮಣ್ಣಿನಲ್ಲಿ ಬೀಜ, ಬೇರು, ಸೂಕ್ಷ್ಮಜೀವಿಗಳು ಉಳಿದಿರುವುದರಿಂದ ಎರಡನೆಯದು ಬೇಗ ಸಾಗುತ್ತದೆ.

ಸಾಂಗ್ಲಿ, ಮಿರಜಗಳ ಪಕ್ಕದಲ್ಲಿ ಹರಿಯುವ ಕೃಷ್ಣೆಯ ದಂಡೆ ಬೇಗ ಚೇತರಿಸಿಕೊಳ್ಳುವ ನೆಲ. 2019ರ ಆಗಸ್ಟ್‌ನಲ್ಲಿ ಸಾಂಗ್ಲಿಯ ಇರ್ವಿನ್ ಸೇತುವೆಯ ಬಳಿ ನೀರು 45 ಅಡಿಯ ಅಪಾಯದ ಮಟ್ಟ ಮೀರಿ 57 ಅಡಿ ದಾಟಿತು. 2021ರಲ್ಲಿ ಮತ್ತೆ ನೆರೆ ಬಂತು. ನೆರೆ ದಂಡೆಯ ಗಿಡಗಳನ್ನು ಕಿತ್ತೊಯ್ದರೂ ಫಲವತ್ತಾದ ಮೆಕ್ಕಲು ಮಣ್ಣನ್ನು ಹರಡಿ, ಮೇಲ್ಭಾಗದ ಬೀಜಗಳನ್ನೂ ತರುತ್ತದೆ. ಗರಿಕೆ ಗೆಣ್ಣುಗೆಣ್ಣಿಗೂ ಬೇರೂರಿ ಮೊದಲು ಚಿಗುರುತ್ತದೆ. ಬಳಿಕ ಜೊಂಡು, ಲಕ್ಕಿ, ಜಾಲಿ ಬರುತ್ತವೆ.

ಜಿಲ್ಲೆಯ ಪಶ್ಚಿಮದಲ್ಲಿ, ಸಹ್ಯಾದ್ರಿಯ ವಾರಣಾ ಕಣಿವೆಯಲ್ಲಿ, ಚಾಂದೋಲಿ ಅರಣ್ಯವಿದೆ. 1985ರಲ್ಲಿ ಅಭಯಾರಣ್ಯವಾದ ಇದು 2004ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು; 2010ರಲ್ಲಿ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶದ ಭಾಗವಾಯಿತು. ಇಲ್ಲಿಂದ ಸ್ಥಳಾಂತರಗೊಂಡ ಹಳ್ಳಿಗಳ ಹೊಲಗಳನ್ನು ಮೊದಲು ಹುಲ್ಲು ಆವರಿಸಿತು. ಇಂಥ ಬೀಳುಭೂಮಿಗೆ ಹಕ್ಕಿಗಳು ಪಕ್ಕದ ಕಾಡಿನಿಂದ ನೇರಳೆ, ಅತ್ತಿಯ ಬೀಜ ತಂದು ಬೀಳಿಸುತ್ತವೆ. ಬಿಸಿಲು ಬಯಸುವ ಪೊದೆಗಳು ಮೊದಲು ಬೆಳೆದು ನೆರಳು ಕೊಡುತ್ತವೆ. ಆ ನೆರಳಲ್ಲಿ ಕಾಡುಮರಗಳ ಸಸಿ ಏಳುತ್ತವೆ. ಮೇಯುವ ಪ್ರಾಣಿಗಳೂ ಬೇಸಿಗೆಯ ಬೆಂಕಿಯೂ ಸಸಿಗಳನ್ನು ತಡೆದರೆ ಹುಲ್ಲುಗಾವಲೇ ಬಹುಕಾಲ ಉಳಿಯುತ್ತದೆ. ಅದು ನಷ್ಟವೇನಲ್ಲ, ಕಾಡೆಮ್ಮೆ, ಕಡವೆಗಳಿಗೆ ಮೇವು ಅಲ್ಲಿಯೇ.

ಮಳೆ ಕಡಿಮೆಯಾದ ಸಾಗರೇಶ್ವರದ ಬೋಳು ಗುಡ್ಡಗಳಿಗೆ ಮನುಷ್ಯರ ನೆರವು ಬೇಕಾಯಿತು. ಮಣ್ಣು ಕೊಚ್ಚಿಹೋಗಿ, ಬೀಜ ಕೊಡುವ ಮರಗಳಿಲ್ಲದ ಕಡೆ ಚೇತರಿಕೆ ತಾನಾಗಿ ಆರಂಭವಾಗುವುದು ಕಷ್ಟ. ಧೋ. ಮ. ಮೋಹಿತೆ ಅವರ ಮುಂದಾಳತ್ವದಲ್ಲಿ ಗಿಡ ನೆಟ್ಟು ಬೆಳೆಸಿದ ಈ ಕಾಡು 1985ರಲ್ಲಿ ಅಭಯಾರಣ್ಯವಾಯಿತು. ಸುಮಾರು 11 ಚದರ ಕಿ.ಮೀ. ವಿಸ್ತಾರದ ಈ ಅರಣ್ಯಕ್ಕೆ ಜಿಂಕೆ, ಕಡವೆಗಳನ್ನು ತಂದು ಬಿಡಲಾಯಿತು.

ಮಣ್ಣು ಎಷ್ಟು ಉಳಿದಿದೆ, ಬೀಜದ ಮೂಲ ಎಷ್ಟು ಹತ್ತಿರವಿದೆ, ಮುಂದಿನ ಹಾನಿಗೆ ಮುಂಚೆ ಎಷ್ಟು ಬಿಡುವು ಸಿಗುತ್ತದೆ ಎಂಬುದರ ಮೇಲೆ ಚೇತರಿಕೆ ನಿಂತಿದೆ. ಲಂಟಾನ, ಪಾರ್ಥೇನಿಯಂನಂಥ ಹೊರಗಿನ ಕಳೆ ಮೊದಲು ಜಾಗ ಹಿಡಿದರೆ ಸ್ಥಳೀಯ ಸಸ್ಯಗಳು ಹಿಂದೆ ಬೀಳುತ್ತವೆ. ಆದ್ದರಿಂದ ಉಳಿದ ಕಾಡನ್ನೂ ಹೊಳೆದಂಡೆಯ ಹಸಿರನ್ನೂ ಕಾಯುವುದೇ ಕೆಟ್ಟ ನೆಲಕ್ಕೆ ಮಾಡುವ ಮೊದಲ ಚಿಕಿತ್ಸೆ.