ಬೇಸಗೆಯ ಬಿಸಿಲಿನಲ್ಲಿ ಜಿಂಕೆಗಳ ಸಂಚಾರವೂ ಪೈರಿನ ಕಾವಲೂ

ಯುಗಾದಿ ಕಳೆದು ಬಿಸಿಲು ಬಲಿತ ಮೇಲೆ ಮಳವಳ್ಳಿ ತಾಲ್ಲೂಕಿನ ಕಾಡಂಚಿನ ಗ್ರಾಮಗಳಲ್ಲಿ ಒಂದೇ ಬಗೆಯ ದೂರು ಕೇಳಿಬರುವುದುಂಟು. “ಹಗಲೆಲ್ಲಾ ಕಾವಲಿದ್ದೆವು, ಒಂದು ಜಿಂಕೆಯೂ ಕಣ್ಣಿಗೆ ಬೀಳಲಿಲ್ಲ, ಬೆಳಗಾಗುವುದರೊಳಗೆ ಅಲಸಂದೆಯ ಪೈರೆಲ್ಲಾ ಮೋಟಾಗಿತ್ತು” ಎಂಬುದೇ ಆ ದೂರು. ಹಲಗೂರು ಹೋಬಳಿಯಲ್ಲಿ ಇಂತಹ ಹೊಲವೊಂದನ್ನು ನಾನು ಸ್ವತಃ ನೋಡಿದೆನು. ಯಜಮಾನರು ಬೇಸತ್ತು, ಬೇಲಿಗೆ ವಿದ್ಯುತ್ ತಂತಿಯನ್ನು ಎಳೆಯುವ ಯೋಚನೆಯಲ್ಲಿದ್ದರು. ಅವರ ಕಾವಲುಗಾರನು ಸೋಮಾರಿಯಲ್ಲ. ಅವನು ಎಚ್ಚರವಾಗಿದ್ದ ಹೊತ್ತು ಮಾತ್ರ ತಪ್ಪಾಗಿತ್ತು. ಆದಕಾರಣ ಬೇಸಗೆಯಲ್ಲಿ ಜಿಂಕೆಗಳು ಯಾವ ಹೊತ್ತಿನಲ್ಲಿ ಸಂಚರಿಸುತ್ತವೆ ಎಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದಿರುವುದು ಅವಶ್ಯಕ.

ಬಿಸಿಲಿಗೆ ಜಿಂಕೆ ಅಡಗುವ ಕಾರಣ

ಜಿಂಕೆಯು ದನ, ಕುರಿ, ಮೇಕೆಗಳಂತೆ ಮೆಲುಕು ಹಾಕುವ ಪ್ರಾಣಿ. ನುಂಗಿದ ಸೊಪ್ಪು ಹೊಟ್ಟೆಯೊಳಗೆ ಹುಳಿತು ಜೀರ್ಣವಾಗುವಾಗ ಶಾಖವು ಹುಟ್ಟುವುದು. ಚಳಿಗಾಲದಲ್ಲಿ ಈ ಶಾಖವು ಮೈಗೆ ಹಿತಕರ. ಬೇಸಗೆಯಲ್ಲಿ ಅದೇ ಭಾರವಾಗುವುದು. ಜಿಂಕೆಯ ಮೈಕಾವು ಸುಮಾರು 39 ಡಿಗ್ರಿ ಸೆಂಟಿಗ್ರೇಡ್. ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ನಮ್ಮ ಸೀಮೆಯ ಗಾಳಿಯ ಶಾಖವೂ 35 ಡಿಗ್ರಿಯನ್ನು ದಾಟುವುದು ಅಪೂರ್ವವಲ್ಲ. ಆಗ ಮೈಯ ಕಾವು ಗಾಳಿಗೆ ಇಳಿದುಹೋಗುವುದು ಕಷ್ಟ. ಆದುದರಿಂದ ಜಿಂಕೆಗಳು ಹೊತ್ತೇರುತ್ತಲೇ ಮೇವನ್ನು ಬಿಟ್ಟು, ಬಿದಿರು ಮೆಳೆ, ಹಳ್ಳದ ದಡ, ದಟ್ಟ ಮರಗಳ ನೆರಳು ಮುಂತಾದೆಡೆಗಳಲ್ಲಿ ಮಲಗಿ ಮೆಲುಕು ಹಾಕುತ್ತಿರುವುವು. ಬಿಸಿಲಿಳಿದ ಮೇಲೆ ಸಂಜೆಯೂ, ನಸುಕಿನಿಂದ ಬಿಸಿಲೇರುವವರೆಗೂ ಚೆನ್ನಾಗಿ ಮೇಯುವುವು. ಹಗಲಿನಲ್ಲಿ ಕಳೆದುಕೊಂಡ ಮೇವನ್ನು ರಾತ್ರಿಯಲ್ಲಿ ತುಂಬಿಕೊಳ್ಳುವುದೂ ಉಂಟು. ಕಡವೆಯಂತೂ ಸ್ವಭಾವದಿಂದಲೇ ರಾತ್ರಿ ಸಂಚಾರಿ. ಮಧ್ಯಾಹ್ನದಲ್ಲಿ ಹೊಲವು ಬರಿದಾಗಿ ಕಂಡಿತೆಂದು ಜಿಂಕೆಗಳು ದೂರ ಹೋದುವೆಂದು ಭಾವಿಸತಕ್ಕದ್ದಲ್ಲ.

ನೀರಿನ ಆಕರ್ಷಣೆ

1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮವು ಮುತ್ತತ್ತಿಯ ಸುತ್ತಲಿನ ಕಾಡನ್ನೂ ಒಳಗೊಂಡಿದೆ. ಬೇಸಗೆಯಲ್ಲಿ ಅಲ್ಲಿನ ಹಳ್ಳ ಗುಂಡಿಗಳು ಬತ್ತುವುವು, ಹುಲ್ಲು ಒಣಗುವುದು. ಚುಕ್ಕೆ ಜಿಂಕೆಗಾದರೋ ನೀರಿನ ಆಸರೆ ಬಿಟ್ಟು ಬಹುದೂರವಿರಲಾಗದು. ಹೀಗಿರುವಾಗ ಕೊಳವೆ ಬಾವಿಯ ನೀರಿನಿಂದ ಹಸಿರಾಗಿರುವ ತೋಟವು ಅದಕ್ಕೆ ನೀರನ್ನೂ ಮೇವನ್ನೂ ಒಂದೇ ಕಡೆ ಒದಗಿಸುವುದು. ಮುಂಗಾರಿಗೆ ಮುಂಚಿನ ಹದವಾದ ಮಳೆಗಳು ಬಿದ್ದು ಕಾಡಿನಲ್ಲಿ ಹುಲ್ಲು ಚಿಗುರಿದ ಮೇಲೆ ಈ ಒತ್ತಡವು ತಗ್ಗುವುದು.

ಮಾಡತಕ್ಕ ಕ್ರಮಗಳು

ಮೊದಲು ಮೇದ ಪ್ರಾಣಿ ಯಾವುದೆಂದು ನಿರ್ಧರಿಸಬೇಕು. ಜಿಂಕೆಗೆ ಮೇಲ್ದವಡೆಯಲ್ಲಿ ಮುಂಭಾಗದ ಬಾಚಿಹಲ್ಲುಗಳಿಲ್ಲ. ಅದು ಕುಡಿಯನ್ನು ಹರಿದು ತಿನ್ನುವುದರಿಂದ ತುದಿಯು ಸೀಳುಸೀಳಾಗಿರುವುದು. ಮೊಲವು ಮೇದಿದ್ದರೆ ಕುಡುಗೋಲಿನಿಂದ ಓರೆಯಾಗಿ ಕೊಯ್ದಂತೆ ಕಾಣುವುದು. ಇಬ್ಭಾಗದ ಗೊರಸಿನ ಗುರುತು, ಮೇಕೆಯ ಹಿಕ್ಕೆಯಂತಹ ಹಿಕ್ಕೆ, ಇವೂ ಸಾಕ್ಷಿಗಳೇ.

ಎರಡನೆಯದಾಗಿ, ಕಾವಲುಗಾರನಿಗೆ ಮಧ್ಯಾಹ್ನದಲ್ಲಿ ನಿದ್ರೆಗೆ ಬಿಡುವು ಕೊಟ್ಟು, ಸಂಜೆ 5 ಗಂಟೆಯಿಂದ ಬೆಳಿಗ್ಗೆ 8ರವರೆಗೆ ಸರದಿಯ ಮೇಲೆ ಇಬ್ಬರನ್ನು ಅಟ್ಟಣೆಯಲ್ಲಿರಿಸಬೇಕು. ನಾಲ್ಕಾರು ಹಿಡುವಳಿದಾರರು ಕೂಡಿಕೊಂಡರೆ ಖರ್ಚು ಹಗುರವಾಗುವುದು.

ಮೂರನೆಯದಾಗಿ, ನೆರಳಿನಲ್ಲಿ ಮಲಗಿದ ಜಿಂಕೆಗಳ ಮೇಲೆ ನಾಯಿಗಳನ್ನು ಬಿಡಕೂಡದು. ಬಿಸಿಲಿನಲ್ಲಿ ಓಡಿಸಿದ ಜಿಂಕೆಯು ಮೈಕಾವೇರಿ ಸಾಯುವುದುಂಟು. ಕಾಡಂಚಿನ ತೆರೆದ ಬಾವಿಗಳಿಗೆ ಕಟ್ಟೆಯನ್ನು ಕಟ್ಟಿಸಬೇಕು. ಕತ್ತಲಲ್ಲಿ ನೀರನ್ನರಸಿ ಬಂದ ಪ್ರಾಣಿ ಒಳಗೆ ಬಿದ್ದರೆ ಅದಕ್ಕೂ ಸಾವು, ನೀರಿಗೂ ಕೇಡು.

ಬೇಲಿಗೆ ವಿದ್ಯುತ್ತನ್ನು ಹರಿಸುವುದಂತೂ ಸರ್ವಥಾ ಸಲ್ಲದು. ಆ ತಂತಿಗೆ ಜಿಂಕೆಯೂ ಒಂದೇ, ನಸುಕಿನಲ್ಲಿ ನೀರು ಕಟ್ಟಲು ಹೋಗುವ ಮನೆಯ ಮಗನೂ ಒಂದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಂಕೆಯನ್ನು ಕೊಲ್ಲುವುದು ಅಪರಾಧವೂ ಹೌದು. ಪೈರು ನಷ್ಟವಾದಲ್ಲಿ ಗುರುತುಗಳನ್ನು ಅಳಿಸದೆ, ತಡಮಾಡದೆ ಅರಣ್ಯ ಇಲಾಖೆಗೆ ತಿಳಿಸಿ ಪರಿಹಾರಕ್ಕೆ ಅರ್ಜಿ ಹಾಕಿಕೊಳ್ಳಬೇಕು.

ದನಕರುಗಳಿಗೂ ಇದೇ ನಿಯಮ

ವಿಶ್ವೇಶ್ವರಯ್ಯ ನಾಲೆಯ ನೀರುಂಡ ಮಂಡ್ಯ, ಮದ್ದೂರು ತಾಲ್ಲೂಕುಗಳ ಬಯಲಿನಲ್ಲಿ ಜಿಂಕೆಯ ಕಾಟವು ವಿರಳವಾಗಿರಬಹುದು. ಆದರೂ ಅಲ್ಲಿನ ರೈತರು ಇದರಿಂದ ಕಲಿಯತಕ್ಕದ್ದುಂಟು. ಜಿಂಕೆಯು ತಾನಾಗಿ ನೆರಳನ್ನು ಆರಿಸಿಕೊಳ್ಳುವುದು. ಗೂಟಕ್ಕೆ ಕಟ್ಟಿದ ಹಸುವಿಗೆ ಆ ಸ್ವಾತಂತ್ರ್ಯವಿಲ್ಲ. ಬೇಸಗೆಯಲ್ಲಿ ಅದನ್ನು ಬೆಳಿಗ್ಗೆ, ಸಂಜೆಯ ತಂಪಿನಲ್ಲಿ ಮೇಯಿಸಿ, ನಡುಹಗಲಿನಲ್ಲಿ ನೆರಳನ್ನೂ ಸಾಕಷ್ಟು ನೀರನ್ನೂ ಒದಗಿಸಬೇಕು.

ಮೇಲೆ ಹೇಳಿದ ಯಜಮಾನರು ತಂತಿಯ ಯೋಚನೆಯನ್ನು ಕೈಬಿಟ್ಟು, ನೆರೆಯವರೊಡನೆ ಕೂಡಿ ಕಾವಲಿನ ಹೊತ್ತನ್ನು ಬದಲಾಯಿಸಿದರು. ಉಳಿದಿದ್ದ ಪೈರು ಅವರ ಕೈಸೇರಿತು. ಇತರ ಗ್ರಾಮಗಳವರೂ ಈ ಬೇಸಗೆಯಲ್ಲಿ ಇದನ್ನು ಅನುಸರಿಸಿ ನೋಡುವರೆಂದು ನಂಬುತ್ತೇನೆ.