ಜ್ವಾಲಾಮುಖಿ ನೋಡಬೇಕೆ? ಐಮಂಗಲದಲ್ಲಿ ಇಳಿಯಿರಿ

ಗೊರಗುಂಟೆಪಾಳ್ಯದ ಓದುಗ ದಂಪತಿ ಒಂದು ಪ್ರಶ್ನೆ ಕಳಿಸಿದ್ದಾರೆ. ಇಬ್ಬರೂ ಪೀಣ್ಯದ ಕಡೆ ಕೆಲಸಕ್ಕೆ ಹೋಗುವವರು, ರಜೆ ಅಂತ ಸಿಗುವುದು ಭಾನುವಾರ ಒಂದೇ. 2025ರ ಸೆಪ್ಟೆಂಬರ್‌ನಲ್ಲಿ ಅಂಡಮಾನಿನ ಬ್ಯಾರನ್ ದ್ವೀಪದ ಜ್ವಾಲಾಮುಖಿ ಎರಡು ಸಲ ಉಗುಳಿದ ಸುದ್ದಿ ನೋಡಿದಾಗಿನಿಂದ ಅವರಿಗೆ ಅದೇ ಗುಂಗಂತೆ. "ಸಾರ್, ಬೆಳಗ್ಗೆ ಹೋಗಿ ರಾತ್ರಿ ಮನೆ ಸೇರುವ ಹಾಗೆ ಎಲ್ಲಾದರೂ ಜ್ವಾಲಾಮುಖಿ ಇದೆಯಾ?" ಎಂದು ಕೇಳಿದ್ದಾರೆ.

ಬೆಂಕಿ ಉಗುಳುವಂಥದ್ದು ಇಲ್ಲ. ಭಾರತದಲ್ಲಿ ಇವತ್ತಿಗೆ ಜೀವಂತ ಜ್ವಾಲಾಮುಖಿ ಎಂದರೆ ಬ್ಯಾರನ್ ಒಂದೇ. ಅದು ಪೋರ್ಟ್ ಬ್ಲೇರ್‌ನಿಂದ, ಅಂದರೆ ಈಗಿನ ಶ್ರೀ ವಿಜಯಪುರಂನಿಂದ, ಈಶಾನ್ಯಕ್ಕೆ ಸುಮಾರು 140 ಕಿಲೋಮೀಟರ್ ದೂರದ ನಡುಗಡಲಲ್ಲಿದೆ. ಹಡಗಿನಲ್ಲಿ ಹೋದರೂ ಪ್ರವಾಸಿಗರು ಇಳಿಯುವಂತಿಲ್ಲ, ಡೆಕ್ಕಿನ ಮೇಲೆ ನಿಂತೇ ನೋಡಬೇಕು. 1789ರಲ್ಲಿ ಲೆಫ್ಟಿನೆಂಟ್ ಆರ್ಚಿಬಾಲ್ಡ್ ಬ್ಲೇರ್ ಅದರ ಹತ್ತಿರ ಹೋದಾಗ ಬೆಟ್ಟ ಉರಿಯುತ್ತಲೇ ಇತ್ತು. ಹತ್ತೊಂಬತ್ತನೇ ಶತಮಾನದಲ್ಲಿ ತಣ್ಣಗಾದದ್ದು ಮತ್ತೆ ಎದ್ದದ್ದು 1991ರಲ್ಲಿ. ಆಮೇಲೆ ಬಿಟ್ಟು ಬಿಟ್ಟು ಉಗುಳುತ್ತಲೇ ಇದೆ. ಅದು ಉಗುಳಿದಾಗಲೆಲ್ಲ ಟಿವಿಯವರು ದೇಶಕ್ಕೇ ಗಂಡಾಂತರ ಬಂತೆಂದು ಕೂಗುತ್ತಾರೆ. ಆ ದ್ವೀಪದಲ್ಲಿ ಜನವಸತಿಯೇ ಇಲ್ಲ, ಇರುವ ಕೆಲವೇ ಪ್ರಾಣಿಗಳಲ್ಲಿ ಕಾಡುಬಿದ್ದ ಮೇಕೆಗಳು ಮುಖ್ಯ. ಬೆಂಗಳೂರಿನವರು ಹೆದರಬೇಕಾದ ವಿಷಯ ಅದರಲ್ಲಿ ಏನೂ ಇಲ್ಲ.

ಹಾಗಾದರೆ ಭಾನುವಾರಕ್ಕೆ ಏನು ಗತಿ? ನಾನು ಹೇಳುವುದಿಷ್ಟು: ಮನೆ ಹತ್ತಿರವೇ ಚಿತ್ರದುರ್ಗದ ಬಸ್ ಹತ್ತಿ. ತುಮಕೂರು, ಶಿರಾ, ಹಿರಿಯೂರು ದಾಟಿದ ಮೇಲೆ ಐಮಂಗಲ ಬರುತ್ತದೆ. ಆ ಸೀಮೆಯಲ್ಲೇ ಮರಡಿಹಳ್ಳಿ ಎಂಬ ಊರಿದೆ. ಅಲ್ಲಿನ ಒಂದು ಬಂಡೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ 1976ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ಅದು ಕಡಲ ತಳದಲ್ಲಿ ಉಕ್ಕಿ ಹೆಪ್ಪುಗಟ್ಟಿದ ಲಾವಾ, ವಯಸ್ಸು 250 ಕೋಟಿ ವರ್ಷದ ಆಸುಪಾಸು. ಆರಿಹೋದ ಜ್ವಾಲಾಮುಖಿಯನ್ನು ತೋರಿಸಿ ಸಮಾಧಾನ ಮಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ಬ್ಯಾರನ್ ದ್ವೀಪದಲ್ಲಿ ಕಾಣದ್ದು ಇಲ್ಲಿ ಕಾಣುತ್ತದೆ. ಆ ಬೆಟ್ಟ ನೀರಿನ ಮೇಲೆ ಎದ್ದಿರುವುದು 350 ಮೀಟರಿನಷ್ಟು ಮಾತ್ರ, ಎರಡು ಸಾವಿರ ಮೀಟರಿಗೂ ಹೆಚ್ಚು ನೀರೊಳಗೇ ಇದೆ. ಭೂಮಿಯ ಮೇಲೆ ಉಕ್ಕುವ ಲಾವಾದಲ್ಲಿ ಬಹುಪಾಲು ಹೀಗೆಯೇ, ಯಾರ ಕಣ್ಣಿಗೂ ಬೀಳದೆ ಕಡಲೊಳಗೆ ಉಕ್ಕುತ್ತದೆ.

ಮರಡಿಹಳ್ಳಿಯ ಬಂಡೆ ಒಂದೇ ಸಮನೆಯ ಕಲ್ಲಲ್ಲ. ದಿಂಬುಗಳನ್ನು ಒತ್ತೊತ್ತಾಗಿ ಒಟ್ಟಿದ ಹಾಗೆ ಕಾಣುತ್ತದೆ. ಇವಕ್ಕೆ ಭೂವಿಜ್ಞಾನದಲ್ಲಿ ಇರುವ ಹೆಸರೂ ದಿಂಬು ಲಾವಾ ಎಂದೇ. ಒಂದನ್ನು ಹತ್ತಿರದಿಂದ ನೋಡಿ. ಅಂಚಿನ ಸುತ್ತ ಕಪ್ಪು ಕಟ್ಟಿದ ತೆಳು ಸಿಪ್ಪೆ, ಒಳಗೆ ಹಸಿರು ಛಾಯೆಯ ಬೂದು ಕಲ್ಲು. ಆ ಸಿಪ್ಪೆ ಒಂದು ಕಾಲಕ್ಕೆ ಗಾಜಾಗಿತ್ತು. ಹರಳುಗಟ್ಟಲು ಪುರುಸೊತ್ತೇ ಇಲ್ಲದಷ್ಟು ಬೇಗ ತಣಿದ ಲಾವಾ ಗಾಜಾಗುತ್ತದೆ.

ಇದು ಆಗುವುದು ಹೇಗೆ? ಕಾದ ಎಣ್ಣೆಗೆ ಬೋಂಡಾ ಹಿಟ್ಟು ಬಿಡುವುದನ್ನು ನೆನೆಸಿಕೊಳ್ಳಿ. ಹಿಟ್ಟು ಎಣ್ಣೆ ಮುಟ್ಟಿದ್ದೇ ತಡ, ಹೊರಮೈ ಗಟ್ಟಿಯಾಗುತ್ತದೆ, ಒಳಗಿನ್ನೂ ಹಸಿ. ಒಳಗಿನ ಹಿಟ್ಟು ಉಬ್ಬಿದಾಗ ಸಿಪ್ಪೆ ಒಂದು ಕಡೆ ಬಿರಿಯುತ್ತದೆ. ಆ ಬಿರುಕಿನಿಂದ ಹಸಿಹಿಟ್ಟು ನುಗ್ಗಿ ಬಂದು, ಅಲ್ಲೇ ಬೆಂದು, ಬೋಂಡಾದ ಪಕ್ಕಕ್ಕೆ ಒಂದು ಮರಿಬೋಂಡಾ ಅಂಟಿಕೊಳ್ಳುತ್ತದೆ. ಕಡಲ ತಳದಲ್ಲಿ ಶಾಖ ಮಾತ್ರ ತಿರುಗಮುರುಗ: ಹಿಟ್ಟಿನ ಜಾಗದಲ್ಲಿ 1,100 ಡಿಗ್ರಿ ಮೀರಿ ಕಾದ ಲಾವಾ, ಎಣ್ಣೆಯ ಜಾಗದಲ್ಲಿ ತಣ್ಣೀರು. ಮಿಕ್ಕದ್ದೆಲ್ಲ ಹಾಗೆಯೇ. ನೀರು ತಾಗಿದ ಮೈ ಕ್ಷಣದಲ್ಲಿ ಸಿಪ್ಪೆಗಟ್ಟುತ್ತದೆ, ಹಿಂದಿನಿಂದ ಲಾವಾ ಒತ್ತುತ್ತಲೇ ಇರುತ್ತದೆ, ಸಿಪ್ಪೆ ಬಿರಿಯುತ್ತದೆ, ಬಿರುಕಿನಿಂದ ಇನ್ನೊಂದು ದಿಂಬು ಹೊರಡುತ್ತದೆ. ಅದರಿಂದ ಮತ್ತೊಂದು. ಝಾರಿಯಿಂದ ತೆಗೆದು ತಟ್ಟೆಗೆ ಸುರಿದ ಬೋಂಡಾಗಳಿಗೆ ಇಲ್ಲದ ಒಂದು ಗುಣ ಇವಕ್ಕಿದೆ. ಹೊಸ ದಿಂಬು ಇನ್ನೂ ಮೆತ್ತಗಿರುವಾಗಲೇ ಕೆಳಗಿನ ಎರಡು ದಿಂಬುಗಳ ಮೇಲೆ ಕೂರುತ್ತದೆ. ಅದರ ಹೊಟ್ಟೆ ಆ ಎರಡರ ಸಂದಿಗೆ ಇಳಿಬಿದ್ದು ಚೂಪಾಗುತ್ತದೆ, ಬೆನ್ನು ಉಬ್ಬಿದಂತೆಯೇ ಉಳಿಯುತ್ತದೆ.

ಭೂವಿಜ್ಞಾನಿಗಳಿಗೆ ಈ ಉಬ್ಬುಬೆನ್ನು, ಚೂಪುಹೊಟ್ಟೆ ದೊಡ್ಡ ವರ. ಕೋಟ್ಯಂತರ ವರ್ಷಗಳ ಒತ್ತಡಕ್ಕೆ ಪದರಗಳು ಮಡಚಿ, ಮಗುಚಿ, ನೆಟ್ಟಗೆ ನಿಂತುಬಿಟ್ಟ ಕಡೆಯೂ ಒಂದು ದಿಂಬು ಸಿಕ್ಕರೆ ಸಾಕು, ಆ ಕಾಲದಲ್ಲಿ ಆಕಾಶ ಯಾವ ಕಡೆಗಿತ್ತು ಎಂದು ಹೇಳಬಹುದು. ನೀವೂ ಹೇಳಬಹುದು. ಆಗಿನ ಆಕಾಶದಲ್ಲಿ ಉಸಿರಾಡುವಷ್ಟು ಆಮ್ಲಜನಕ ಇರಲಿಲ್ಲ, ಆಗಿನ ನೆಲದಲ್ಲಿ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ.

ಇದನ್ನು ಕಂಡುಕೊಂಡ ಕತೆಯೂ ಸ್ವಾರಸ್ಯದ್ದೇ. ದಿಂಬುಗಲ್ಲುಗಳು ಯುರೋಪಿನವರಿಗೆ ಹತ್ತೊಂಬತ್ತನೇ ಶತಮಾನದಲ್ಲೇ ಗೊತ್ತಿದ್ದವು. ಹುಟ್ಟುವುದು ಹೇಗೆಂದು ತಕರಾರಿತ್ತು. 1909ರಲ್ಲಿ ಟೆಂಪೆಸ್ಟ್ ಆಂಡರ್ಸನ್ ಎಂಬುವರು ಪೆಸಿಫಿಕ್ ಸಾಗರದ ಸಮೋವಾಕ್ಕೆ ಹೋದರು. ವೃತ್ತಿಯಿಂದ ಅವರು ಇಂಗ್ಲೆಂಡಿನ ಯಾರ್ಕ್ ಊರಿನ ಕಣ್ಣಿನ ಡಾಕ್ಟರು. ಬಿಡುವು ಸಿಕ್ಕಾಗೆಲ್ಲ ಕ್ಯಾಮೆರಾ ಹೊತ್ತು ಜ್ವಾಲಾಮುಖಿಗಳ ಬೆನ್ನು ಹತ್ತುತ್ತಿದ್ದರು. ಅಲ್ಲಿ ಮಟವಾನು ಜ್ವಾಲಾಮುಖಿಯ ಲಾವಾ ಕಡಲಿಗೆ ಇಳಿಯುವಲ್ಲಿ ದಿಂಬುಗಳು ಮೂಡುವುದನ್ನು ಕಣ್ಣಾರೆ ಕಂಡು ಬರೆದರು. ನೀರೊಳಗಿನ ದೃಶ್ಯಕ್ಕೆ ಇನ್ನೂ ಆರು ದಶಕ ಕಾಯಬೇಕಾಯಿತು. 1970ರ ದಶಕದ ಆರಂಭದಲ್ಲಿ ಹವಾಯಿಯ ಕಡಲಲ್ಲಿ ಲೀ ಟೆಪ್ಲಿ ಮತ್ತು ಭೂವಿಜ್ಞಾನಿ ಜೇಮ್ಸ್ ಮೂರ್ ಲಾವಾದ ಹತ್ತಿರಕ್ಕೇ ಮುಳುಗಿ ಹೋದರು. ಸಿಪ್ಪೆ ಬಿರಿದು ಕೆಂಡದ ನಾಲಿಗೆ ಹೊರಚಾಚುವುದು, ಮರುಗಳಿಗೆಗೆ ಕಪ್ಪಾಗುವುದು, ಎಲ್ಲವೂ ಫಿಲ್ಮಿಗೆ ಸಿಕ್ಕಿತು. ಆ ಚಿತ್ರ ನೋಡಿದವರಿಗೆ ಮರಡಿಹಳ್ಳಿಯ ಬಂಡೆ ಸುಮ್ಮನೆ ಕೂತ ಕಲ್ಲಾಗಿ ಕಾಣುವುದೇ ಇಲ್ಲ. ಸಾಧ್ಯವಾದರೆ ಹೊರಡುವ ಮುಂಚೆ ನೋಡಿಕೊಂಡೇ ಹೋಗಿ.

ನಮ್ಮ ಕಡೆ ಈ ಕಲ್ಲುಗಳ ಸರಣಿಗೆ ಧಾರವಾಡದ ಹೆಸರಿಟ್ಟವರು ರಾಬರ್ಟ್ ಬ್ರೂಸ್ ಫೂಟ್, 1880ರ ದಶಕದಲ್ಲಿ. ಮುಂದೆ 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ತೆರೆದಾಗ ಅದನ್ನು ಕಟ್ಟಲು ಬಂದವರೂ ಅವರೇ.

ಈ ನೆಲದಲ್ಲಿ ಈಗ ಯಾಕೆ ಬೆಂಕಿ ಇಲ್ಲ ಎಂದು ಕೇಳುವವರಿಗೆ: ಅಂಡಮಾನಿನ ಕೆಳಗೆ ಭಾರತದ ಭೂಫಲಕ ಪಕ್ಕದ ಫಲಕದಡಿ ನುಗ್ಗುತ್ತಿದೆ. ಕಡಲ ತಳದ ಕಲ್ಲು ತನ್ನೊಳಗೆ ಹಿಡಿದ ನೀರನ್ನು ಆಳಕ್ಕೆ ಒಯ್ಯುತ್ತದೆ. ಆ ನೀರು ಸೇರಿದರೆ ಆಳದ ಬಿಸಿಕಲ್ಲು ಕಡಿಮೆ ಶಾಖಕ್ಕೇ ಕರಗುತ್ತದೆ. ನಮ್ಮ ಅಡಿಯಲ್ಲಿ ಅಂಥ ನುಗ್ಗಾಟವಿಲ್ಲ. ಇರುವುದು ದಪ್ಪನೆಯ, ತಣ್ಣನೆಯ, ಬಹು ಹಳೆಯ ನೆಲ.

ಹೋದಾಗ ಸುತ್ತಿಗೆ ಬೇಡ, ಚೂರು ಒಡೆದು ಜೇಬಿಗೆ ಹಾಕಿಕೊಳ್ಳುವುದಂತೂ ಬೇಡವೇ ಬೇಡ. ಒಂದು ಬಾಟಲಿ ನೀರು ಸುರಿದು ನೋಡಿ, ಒದ್ದೆ ಕಲ್ಲಿನಲ್ಲಿ ಸಿಪ್ಪೆಯ ಗೆರೆ ಚೆನ್ನಾಗಿ ಎದ್ದು ಕಾಣುತ್ತದೆ. ನಡುಮಧ್ಯಾಹ್ನಕ್ಕಿಂತ ಇಳಿಬಿಸಿಲು ಒಳ್ಳೆಯದು.

ಚಿತ್ರದುರ್ಗದ ಪಕ್ಕದಲ್ಲೇ ಇಂಗಳದಾಳು ಇದೆ. ಅಲ್ಲಿ ಬಹುಕಾಲ ತಾಮ್ರದ ಗಣಿ ನಡೆಯಿತು. ಆ ತಾಮ್ರ ಇರುವುದೂ ಇದೇ ಲಾವಾ ಕುಲದ ಕಲ್ಲುಗಳಲ್ಲಿ. ಕಡಲ ತಳದ ಬಿರುಕುಗಳಿಗೆ ಇಳಿದ ನೀರು ಕಾದು, ಲೋಹ ಕರಗಿಸಿಕೊಂಡು, ಬಿಸಿಬುಗ್ಗೆಯಾಗಿ ಚಿಮ್ಮಿದಾಗ ಕೂತದ್ದು ಅದು ಎಂಬ ವಿವರಣೆ ಇದೆ. ಅಂಥ ಬುಗ್ಗೆಗಳು ಇವತ್ತಿಗೂ ಚಿಮ್ಮುತ್ತಿವೆ. 2024ರ ಡಿಸೆಂಬರ್‌ನಲ್ಲಿ ನಮ್ಮ ವಿಜ್ಞಾನಿಗಳೇ ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ, 4,500 ಮೀಟರ್ ಆಳದಲ್ಲಿ, ಅಂಥದ್ದೊಂದರ ಚಿತ್ರ ತೆಗೆದರು. ತೆಗೆದದ್ದು ಮನುಷ್ಯರಿಲ್ಲದೆ ತಾನೇ ಈಜುವ ಯಂತ್ರ.